ಹಳೆಯ ಕಾರಿಗೆ ಹೊಸ ತಂತಿ

1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಾರಿಸ್ ಮೈನರ್ ಕಾರನ್ನು ಇಂದಿಗೂ ಕೆಲವರು ಜೋಪಾನವಾಗಿ ಓಡಿಸುತ್ತಾರೆ. ಇಂಥ ಹಳೆಯ ಕಾರಿನ ತಂತಿಗಳ ಹೊದಿಕೆಯು ಕಾಲಕ್ರಮದಲ್ಲಿ ಒಣಗಿ ಬಿರುಕು ಬಿಡುತ್ತದೆ. ಬರಿದಾದ ತಂತಿಯು ಕಾರಿನ ಲೋಹದ ಮೈಗೆ ತಗುಲಿದರೆ ವಿಪರೀತ ಪ್ರವಾಹ ಹರಿದು ಬೆಂಕಿ ಹೊತ್ತಬಹುದು. ‘ಬರೀ 12 ವೋಲ್ಟು ತಾನೆ’ ಎಂದು ಉದಾಸೀನ ಮಾಡಬಾರದು; ತಂತಿಯನ್ನು ಕಾಯಿಸುವುದು ಅದರಲ್ಲಿ ಹರಿಯುವ ಪ್ರವಾಹ.

ಆದ್ದರಿಂದ ಹೊಸ ತಂತಿಯ ದಪ್ಪವನ್ನು ಲೆಕ್ಕ ಹಾಕಿ ಆರಿಸಬೇಕು. 36 ವ್ಯಾಟಿನ ಎರಡು ದೀಪಗಳಿಗೆ 72 ÷ 12 = 6 ಆಂಪಿಯರ್ ಪ್ರವಾಹ ಬೇಕು. ಅಷ್ಟೇ ವ್ಯಾಟಿನ ದೀಪಗಳು 6 ವೋಲ್ಟಿನ ಕಾರಿನಲ್ಲಿದ್ದರೆ 12 ಆಂಪಿಯರ್. ಅಲ್ಲಿ ತಂತಿ ಇನ್ನೂ ದಪ್ಪವಿರಬೇಕು.

ಬಲ್ಲವರು ಮೊದಲು ಬ್ಯಾಟರಿಯ ಸಂಪರ್ಕ ತೆಗೆಯುತ್ತಾರೆ. ಆಮೇಲೆ ನಕ್ಷೆ ಬರೆದು, ಪ್ರತಿ ತಂತಿಗೂ ಚೀಟಿ ಕಟ್ಟಿ, ಒಂದೊಂದಾಗಿ ಬದಲಿಸುತ್ತಾರೆ. ಈ ಕಾರಿನಲ್ಲಿ ಬ್ಯಾಟರಿಯ ಧನಧ್ರುವವು ಕಾರಿನ ಮೈಗೆ ಸೇರಿದೆ; ಈಗಿನ ಕಾರುಗಳಲ್ಲಿ ಋಣಧ್ರುವ. ಇದನ್ನು ಮರೆತು ಜೋಡಿಸಿದರೆ ಕೆಲಸ ಕೆಟ್ಟೀತು.

ಫ್ಯೂಸು ಸುಟ್ಟರೆ ಅದರ ಜಾಗದಲ್ಲಿ ದಪ್ಪ ತಂತಿ ಸುತ್ತಬಾರದು. ತಾನು ಕರಗಿ ಕಾರನ್ನು ಉಳಿಸುವುದೇ ಫ್ಯೂಸಿನ ಕೆಲಸ. ನಮ್ಮ ಮನೆಯ ಫ್ಯೂಸಿಗೂ ಇದೇ ಮಾತು ಸಲ್ಲುತ್ತದೆ.