ಧಾರಣೆಯ ಚಿತ್ರಪಟ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆಯೆಂದು ಹೆಸರಾದವು. ಇಲ್ಲಿ ಕೊಬ್ಬರಿ ಮಾಡುವ ರೈತನು ಬಲಿತ ಕಾಯನ್ನು ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಕಾಯುತ್ತಾನೆ. ಒಳಗಿನ ನೀರು ಬತ್ತಿ, ತಿರುಳು ಕರಟದಿಂದ ಬಿಟ್ಟುಕೊಂಡು, ಕಾಯನ್ನು ಅಲುಗಿಸಿದರೆ ಲೊಟಲೊಟನೆ ಸದ್ದಾಗುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷವೇ ಸಂದಿರುತ್ತದೆ. ಆಗ ಸುಲಿದು, ಕರಟವನ್ನು ಒಡೆದು ಹೊರತೆಗೆದ ಇಡಿಯ ಗಿಟುಕೇ ಉಂಡೆ ಕೊಬ್ಬರಿ. ಇದರ ವ್ಯಾಪಾರಕ್ಕೆ ತಿಪಟೂರಿನ ಮಾರುಕಟ್ಟೆ ದೇಶದಲ್ಲೆಲ್ಲ ಪ್ರಸಿದ್ಧವಾದುದು.

ವರ್ಷದ ದುಡಿಮೆಯನ್ನು ಅಟ್ಟದ ಮೇಲೆ ಇರಿಸಿಕೊಂಡವನಿಗೆ ಒಂದೇ ಚಿಂತೆ: ಈಗ ಮಾರುವುದೋ, ಇನ್ನೂ ಕಾಯುವುದೋ? ಚಿಂತೆ ಸಣ್ಣದಲ್ಲ. 2023ರಲ್ಲಿ ಪೇಟೆಯ ಧಾರಣೆಯು ಸರ್ಕಾರದ ಬೆಂಬಲ ಬೆಲೆಗಿಂತಲೂ ಕೆಳಗಿಳಿದಿತ್ತು. 2025ರಲ್ಲಿ ಅದೇ ಧಾರಣೆ ಕ್ವಿಂಟಾಲಿಗೆ 20,000 ರೂಪಾಯಿಗಳನ್ನು ದಾಟಿತು. ಎರಡು ವರ್ಷಗಳ ಹಿಂದೆ ಮಾರಿದವನೂ ಆಮೇಲೆ ಮಾರಿದವನೂ ಪಟ್ಟ ಶ್ರಮ ಒಂದೇ. ಕೈಗೆ ಬಂದ ಹಣ ಮಾತ್ರ ಬೇರೆ.

ಧಾರಣೆಯ ಸುದ್ದಿ ಹಿಂದೆ ಸಂತೆಗೆ ಹೋಗಿಬಂದವರ ಬಾಯಿಂದ ಬರುತ್ತಿತ್ತು. ಅನಂತರ ಪತ್ರಿಕೆ, ರೇಡಿಯೋಗಳಿಂದ ಬಂತು. ಇಂದು ಮಾರುಕಟ್ಟೆಯ ಟೆಂಡರೇ ಕಂಪ್ಯೂಟರಿನಲ್ಲಿ ನಡೆಯುತ್ತದೆ. ರಾಜ್ಯದ ಮಾರುಕಟ್ಟೆಗಳ ದರಗಳನ್ನು ‘ಕೃಷಿ ಮಾರಾಟ ವಾಹಿನಿ’ ಎಂಬ ಜಾಲತಾಣವು ಪಟ್ಟಿಮಾಡಿ ಕೊಡುತ್ತದೆ. ಆದರೆ ತೊಂಬತ್ತು ದಿನಗಳ ಅಂಕಿಗಳನ್ನು ಒಂದರ ಕೆಳಗೊಂದು ಬರೆದರೆ ಧಾರಣೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಥಟ್ಟನೆ ಹೊಳೆಯುವುದಿಲ್ಲ. ಅದನ್ನೇ ಒಂದು ಗೆರೆಯಾಗಿ ಎಳೆದರೆ ಓದುಬಾರದವನಿಗೂ ತಿಳಿಯುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತನು 1786ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳನ್ನು ಹೀಗೆ ಗೆರೆಗಳಲ್ಲಿ ತೋರಿಸಿದನು. ಆತನ ಚಿತ್ರಗಳನ್ನು ತಾಮ್ರದ ಹಲಗೆಯ ಮೇಲೆ ಕೊರೆದು ಅಚ್ಚುಹಾಕಬೇಕಾಗಿತ್ತು. ಈಗ ಮೊಬೈಲಿನ ಮೇಲೆ ಬೆರಳಿಟ್ಟ ಗಳಿಗೆಯಲ್ಲಿ ಚಿತ್ರ ಹುಟ್ಟಬೇಕು. ಅದು ಹೇಗೆ ಸಾಧ್ಯ?

ಜಾಲತಾಣದ ಪುಟದಲ್ಲಿ ಕಾಣುವ ಚಿತ್ರಗಳು ಎರಡು ಬಗೆ. ಮೊದಲೇ ಸಿದ್ಧವಾಗಿ ಇರಿಸಿದವು ಒಂದು ಬಗೆ. ಕೇಳಿದಾಗ ಮಾತ್ರ ರಚನೆಗೊಳ್ಳುವವು ಇನ್ನೊಂದು. ಎರಡನೆಯದಕ್ಕೆ ಒಂದು ಸ್ವಾರಸ್ಯವಾದ ಹಿನ್ನೆಲೆ ಉಂಟು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಶಾಲೆಯಲ್ಲಿ ಎಲ್ಲರಿಗೂ ಇದ್ದುದು ಒಂದೇ ಕಾಫಿ ಪಾತ್ರೆ. ದೂರದ ಕೊಠಡಿಗಳಿಂದ ಎದ್ದುಬಂದವರಿಗೆ ಅನೇಕ ವೇಳೆ ಬರಿಯ ಪಾತ್ರೆಯೇ ಗತಿ! 1991ರಲ್ಲಿ ಅಲ್ಲಿನವರು ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಆ ನೋಟವನ್ನು ಜಾಲಕ್ಕೆ ಸೇರಿಸಿದಾಗ, ಯಾರು ಎಲ್ಲಿಂದ ಕೇಳಿದರೂ ಆ ಹೊತ್ತಿನ ಚಿತ್ರವೇ ಬರುವಂತೆ ಏರ್ಪಾಟಾಯಿತು. 2001ರವರೆಗೆ ಅದು ನಡೆದಿತ್ತು. ಕಾಫಿಯ ಆಸೆ ಇಷ್ಟು ದೂರ ಹೋಯಿತು.

ನಮ್ಮ ಕೊಬ್ಬರಿಯ ಧಾರಣೆಗೆ ಅಂಥದೊಂದು ಚಿತ್ರಪಟವನ್ನು ಕಟ್ಟುತ್ತೇವೆಂದು ಭಾವಿಸೋಣ. ಪುಟದಲ್ಲಿ ಚಿತ್ರಕ್ಕೆಂದು ಒಂದು ಚೌಕಟ್ಟು ಇರುತ್ತದೆ. ಪುಟದ ಇಂಥ ಒಂದೊಂದು ಅಂಗವನ್ನೂ ಬಲ್ಲವರು ‘ಕಾಂಪೊನೆಂಟ್’ ಎನ್ನುತ್ತಾರೆ. ಓದುಗನು ತಿಪಟೂರು, ಉಂಡೆ ಕೊಬ್ಬರಿ, ತೊಂಬತ್ತು ದಿನ ಎಂದು ಆರಿಸಿದೊಡನೆ ಚೌಕಟ್ಟು ಆ ಮೂರನ್ನೂ ಒಂದು ವಿಳಾಸದೊಳಗೆ ಸೇರಿಸಿ ಸರ್ವರಿಗೆ ಕಳುಹಿಸುತ್ತದೆ. ಸರ್ವರಿನಲ್ಲಿರುವ ಪ್ರೋಗ್ರಾಂ ಅಂಕಿಗಳನ್ನು ತೆಗೆದು, ಗೆರೆ ಎಳೆದು, ಚಿತ್ರವನ್ನು ಹಿಂದಕ್ಕೆ ಕಳುಹಿಸುತ್ತದೆ.

ಗೆರೆ ಎಳೆಯುವುದೆಂದರೆ ನೀವು ಗ್ರಾಫ್ ಹಾಳೆಯ ಮೇಲೆ ಮಾಡುವ ಲೆಕ್ಕವೇ. ಚಿತ್ರದ ಎತ್ತರ 300 ಚುಕ್ಕೆಗಳು. ಅದು ಸೊನ್ನೆಯಿಂದ 15,000 ರೂಪಾಯಿವರೆಗಿನ ಬೆಲೆಯನ್ನು ತೋರಬೇಕು. ಒಂದು ಚುಕ್ಕೆಗೆ 50 ರೂಪಾಯಿ ಆಯಿತು. 12,000 ರೂಪಾಯಿಗೆ 240 ಚುಕ್ಕೆಗಳಷ್ಟು ಎತ್ತರ. ಕಂಪ್ಯೂಟರು ಸಾಮಾನ್ಯವಾಗಿ ಸಾಲುಗಳನ್ನು ಮೇಲಿನಿಂದ ಎಣಿಸುವುದರಿಂದ ಅದು ಗುರುತು ಹಾಕುವುದು 60ನೆಯ ಸಾಲಿನಲ್ಲಿ.

ಚಿತ್ರ ಬರುವತನಕ ಚೌಕಟ್ಟು ಸುಮ್ಮನೆ ಇರಲಾಗದು. ಅದರ ಅಗಲ ಎತ್ತರಗಳನ್ನು ಮೊದಲೇ ಕಾದಿರಿಸದಿದ್ದರೆ, ಚಿತ್ರ ಬಂದೊಡನೆ ಕೆಳಗಿನ ಬರಹವೆಲ್ಲ ಜಾರಿ, ಬೆರಳು ಬೇರೆಲ್ಲೋ ಬೀಳುತ್ತದೆ. ಚಿತ್ರ ಬಾರದೆ ಹೋದರೆ ‘ಬರಲಿಲ್ಲ’ ಎಂದು ತಿಳಿಸಬೇಕು. ಇನ್ನೂ ಒಂದು ತೊಡಕಿದೆ. ಓದುಗನು ಮೊದಲು ‘ಒಂದು ವರ್ಷ’ ಎಂದು ಒತ್ತಿ, ಮನಸ್ಸು ಬದಲಾಯಿಸಿ ‘ಒಂದು ತಿಂಗಳು’ ಎಂದು ಒತ್ತುತ್ತಾನೆ. ತಿಂಗಳಿನ ಚಿತ್ರ ಬೇಗ ಬಂದು, ವರ್ಷದ ಚಿತ್ರ ತಡವಾಗಿ ಬಂದು ಅದರ ಮೇಲೆ ಕುಳಿತುಕೊಂಡರೆ, ತಲೆಬರಹ ತಿಂಗಳಿನದು, ಗೆರೆ ವರ್ಷದ್ದು! ಆದುದರಿಂದ ಒಂದೊಂದು ಕೋರಿಕೆಗೂ ಕ್ರಮಸಂಖ್ಯೆ ಕೊಟ್ಟು, ಹಿಂದಿನ ಕೋರಿಕೆಯ ಉತ್ತರವನ್ನು ತಳ್ಳಿಹಾಕಬೇಕು.

ಇದಕ್ಕಿಂತ ಹೆಚ್ಚು ಕೇಡು ಹಳೆಯ ಚಿತ್ರದಿಂದ. ಒಮ್ಮೆ ತಂದ ಚಿತ್ರವನ್ನು ಬ್ರೌಸರು ತನ್ನಲ್ಲಿ ಕೂಡಿಟ್ಟುಕೊಳ್ಳಬಲ್ಲುದು. ಅದೇ ವಿಳಾಸವನ್ನು ಮತ್ತೆ ಕೇಳಿದರೆ ಸರ್ವರಿನವರೆಗೆ ಹೋಗದೆ ಕೂಡಿಟ್ಟುದನ್ನೇ ಕೊಡುವುದುಂಟು. ದೇವಸ್ಥಾನದ ಗೋಪುರದ ಚಿತ್ರಕ್ಕೆ ಇದು ಅನುಕೂಲವೇ, ಧಾರಣೆಗೆ ಅಪಾಯ. ಹೋದ ವಾರದ ಗೆರೆಯನ್ನು ಇಂದಿನದೆಂದು ನಂಬಿ ಲಗೇಜ್ ಆಟೋಗೆ ಚೀಲಗಳನ್ನು ಹೇರಿಸಿದವನಿಗೆ ನಷ್ಟ ತುಂಬಿಕೊಡುವವರು ಯಾರು? ಇದಕ್ಕೆ ವಿಳಾಸದಲ್ಲಿ ಟೆಂಡರಿನ ದಿನಾಂಕವನ್ನೂ ಸೇರಿಸುವುದು ಒಂದು ಉಪಾಯ. ಎಷ್ಟು ಹೊತ್ತು ಕೂಡಿಟ್ಟುಕೊಳ್ಳಬಹುದೆಂದು ಸರ್ವರೇ ಅಪ್ಪಣೆ ಕೊಡುವುದು ಇನ್ನೊಂದು. ಎರಡನ್ನೂ ಮಾಡಿದ ಮೇಲೂ ಚಿತ್ರದ ಅಡಿಯಲ್ಲಿ ದಿನಾಂಕ ಇರಲೇಬೇಕೆಂದು ನನ್ನ ಅಭಿಪ್ರಾಯ. ಟೆಂಡರು ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ನಡೆಯುವುದಾದರೆ ಆ ದಿನಗಳಿಗೆ ಮಾತ್ರ ಗುರುತು ಹಾಕುವುದು ನ್ಯಾಯ. ನಡುವಿನ ದಿನಗಳಿಗೆ ಬೆಲೆಯನ್ನು ಕಲ್ಪಿಸುವ ಹಕ್ಕು ಗೆರೆಗೆ ಇಲ್ಲ.

ಅಂಕಿಗಳು ಸರಿಯಿದ್ದೂ ಚಿತ್ರ ಸುಳ್ಳಾಡಬಹುದು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ಕನಿಷ್ಠ ಬೆಂಬಲ ಬೆಲೆಯು ಕ್ವಿಂಟಾಲಿಗೆ 2023ರಲ್ಲಿ 11,750, 2024ರಲ್ಲಿ 12,000, 2025ರಲ್ಲಿ 12,100 ರೂಪಾಯಿ. ಮೇಲೆ ಹೇಳಿದ ಅಳತೆಯಂತೆ ಇವಕ್ಕೆ ಕಂಬಗಳನ್ನು ನಿಲ್ಲಿಸಿದರೆ ಎತ್ತರಗಳು 235, 240, 242 ಚುಕ್ಕೆಗಳು. ಮೂರೂ ಹೆಚ್ಚುಕಡಿಮೆ ಸಮ. ಪ್ರೋಗ್ರಾಂ ‘ಜಾಗ ವ್ಯರ್ಥವಾಗದಿರಲಿ’ ಎಂದು ಅಡಿಗೆರೆಯನ್ನು ಸೊನ್ನೆಯ ಬದಲು 11,700ಕ್ಕೆ ಎತ್ತಿ, 12,100ನ್ನು ತುದಿಗೆ ತಂದರೆ ಏನಾಯಿತು? ಮೊದಲ ಕಂಬ ಮೂವತ್ತೇಳೂವರೆ ಚುಕ್ಕೆ, ಕೊನೆಯದು ಮುನ್ನೂರು. ನೂರಕ್ಕೆ ಮೂರರಷ್ಟು ಏರಿದ ಬೆಲೆ ಕಣ್ಣಿಗೆ ಎಂಟು ಪಟ್ಟಾಗಿ ಕಾಣುತ್ತದೆ! ಇದನ್ನು ಯಾರೂ ದುರುದ್ದೇಶದಿಂದಲೇ ಮಾಡಬೇಕೆಂದಿಲ್ಲ. ಎಷ್ಟೋ ಪ್ರೋಗ್ರಾಂಗಳು ಅಂಕಿಗಳ ಹರವನ್ನು ನೋಡಿ ಅಳತೆಯನ್ನು ತಾವಾಗಿಯೇ ಆಯ್ದುಕೊಳ್ಳುತ್ತವೆ. ಕಂಬದ ಚಿತ್ರವಾದರೆ ಅಡಿ ಸೊನ್ನೆಯಿಂದಲೇ ಆರಂಭವಾಗಲೆಂದು ಕಟ್ಟುವವನು ಗೊತ್ತುಪಡಿಸಬೇಕು.

ಕನ್ನಡದ ಅಕ್ಷರಗಳದು ಬೇರೆಯೇ ಕಥೆ. ‘ಕೊಬ್ಬರಿ’ ಎಂಬ ಪದದಲ್ಲಿ ಬಕಾರದ ಒತ್ತು ಉಂಟು. ಕಂಪ್ಯೂಟರಿನೊಳಗೆ ಅದು ಬಕಾರ, ಹಲಂತದ ಗುರುತು, ಮತ್ತೆ ಬಕಾರ ಎಂಬ ಮೂರು ಸಂಕೇತಗಳು. ಅವನ್ನು ಕೂಡಿಸಿ ಒತ್ತಕ್ಷರ ಮಾಡುವ ವಿದ್ಯೆ ಚಿತ್ರ ಬರೆಯುವ ಪ್ರೋಗ್ರಾಂಗೆ ತಿಳಿಯದಿದ್ದರೆ, ಒತ್ತು ಒಡೆದು ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರಗಳನ್ನು ಚಿತ್ರದೊಳಗೆ ಹುದುಗಿಸದೆ ಪುಟದ ಬರಹವಾಗಿಯೇ ಇಡುವುದು ಮೇಲು.

ಹಾಗೆ ಬರಹವಾಗಿ ಇರಬೇಕಾದ ಇನ್ನೊಂದು ಸಾಲು ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಒಂದೊಂದು ಚಿತ್ರದ ಬೆನ್ನಿಗೂ ಅದರ ಅರ್ಥವನ್ನು ಹೇಳುವ ಮಾತನ್ನು ಕಟ್ಟಿಡಲು ಜಾಲದ ಭಾಷೆಯಲ್ಲಿ ಅವಕಾಶವಿದೆ. ಕಣ್ಣು ಕಾಣದವರ ಮೊಬೈಲು ಅದನ್ನು ಗಟ್ಟಿಯಾಗಿ ಓದುತ್ತದೆ. ಚಿತ್ರ ಬಾರದಿದ್ದಾಗ ಚೌಕಟ್ಟಿನಲ್ಲಿ ಅದೇ ಕಾಣುತ್ತದೆ. ಚಿತ್ರ ಹೊಸದಾದಂತೆ ಆ ಮಾತೂ ಹೊಸದಾಗಬೇಕು. ‘ಧಾರಣೆಯ ಚಿತ್ರ’ ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. ‘ಉಂಡೆ ಕೊಬ್ಬರಿ, ಕನಿಷ್ಠ ಬೆಂಬಲ ಬೆಲೆ, ಕ್ವಿಂಟಾಲಿಗೆ 2023ರಲ್ಲಿ 11,750 ರೂಪಾಯಿ, 2025ರಲ್ಲಿ 12,100 ರೂಪಾಯಿ, ಏರಿಕೆ 350 ರೂಪಾಯಿ’ ಎಂದು ಬರೆದರೆ, ಜಗುಲಿಯ ಮೇಲೆ ಕುಳಿತ ದೃಷ್ಟಿ ಮಂದವಾದ ಅಜ್ಜನೂ ಲೆಕ್ಕ ಹಾಕಿಕೊಳ್ಳಬಲ್ಲನು.