ವೈರ್ ಕತ್ತರಿಸುವ ಮೊದಲು

ತಮ್ಮಾ, ಹಳೇ ಫಿಯೆಟ್ ಪಾಲಿಯೋ ತಂದಿದ್ದೀಯ, ಅದೂ 1.6 ಇಂಜಿನ್ನಿನದು. ಛಲೋ ಆಯ್ತು. 2001ರಲ್ಲಿ ಅದು ನಮ್ಮ ದೇಶಕ್ಕೆ ಬಂದಾಗ ಅಷ್ಟು ಸಣ್ಣ ಗಾಡಿಗೆ ನೂರು ಕುದುರೆ ಬಲವೇ ಅಂತ ಮಂದಿ ಮೂಗಿನ ಮೇಲೆ ಬೆರಳಿಟ್ಟಿದ್ದರು. ಗೆಳೆಯರ ಮುಂದೆ ಅದನ್ನು ಸ್ಪೋರ್ಟ್ಸ್ ಕಾರು ಅಂತ ಹೇಳಿಕೊಂಡು ತಿರುಗು, ನಾನೇನೂ ಬೇಡ ಅನ್ನೋದಿಲ್ಲ. ನಿನ್ನ ಕೈಗೆ ಕೆಲಸ ಹತ್ತುತ್ತದೆ, ತಲೆಯೂ ಚುರುಕು. ತಾಳ್ಮೆ ಒಂದು ಇನ್ನೂ ಬರಬೇಕು. ಒಂದು ಮುಂಜಾನೆ ಗಾಡಿ ಸ್ಟಾರ್ಟ್ ಆಗಲಿಲ್ಲವೋ, “ಇಮ್ಮೊಬಿಲೈಸರ್ ಕೆಟ್ಟಿದೆ, ಬೈಪಾಸ್ ಮಾಡಿಬಿಡ್ತೀನಿ” ಅಂತ ಕಟ್ಟರ್ ಹಿಡಿದು ನಿಂತುಬಿಡುತ್ತೀಯ. ಅದನ್ನು ಕೆಳಗಿಡು, ನಾಲ್ಕು ಮಾತು ಕೇಳು.

ಮೊದಲು ಈ ಇಮ್ಮೊಬಿಲೈಸರ್ ಏನು ಮಾಡುತ್ತದೆ ಅಂತ ತಿಳ್ಕೋ. ನಿನ್ನ ಚಾವಿಯ ತಲೆಯೊಳಗೆ ಒಂದು ಸಣ್ಣ ಚಿಪ್ ಇದೆ. ಅದಕ್ಕೆ ಸೆಲ್ ಬೇಡ. ಚಾವಿ ಹಾಕುವ ಜಾಗದ ಸುತ್ತ ಒಂದು ತಾಮ್ರದ ಕಾಯಿಲ್ ಇರುತ್ತದೆ. ಚಾವಿ ತಿರುಗಿಸಿದಾಗ ಚಿಪ್ಪಿಗೆ ಶಕ್ತಿ ಕೊಟ್ಟು ಅದರ ಗುರುತು ಓದುವುದು ಅದೇ. ಗುರುತು ಹೊಂದಿದರೆ ಇಂಜಿನ್ನಿನ ಕಂಪ್ಯೂಟರ್ ಪೆಟ್ರೋಲಿಗೂ ಕಿಡಿಗೂ ಅಪ್ಪಣೆ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ. ಕಳ್ಳತನ ತಡೆಯಲಿಕ್ಕೆ ಯೂರೋಪಿನ ಒಕ್ಕೂಟ 1998ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿತು. ಫಿಯೆಟ್ ಇದಕ್ಕೆ ‘ಕೋಡ್’ ಅಂತ ಹೆಸರಿಟ್ಟು ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವನ್ನೂ ಇಟ್ಟಿದೆ.

ಆ ದೀಪವೇ ನಿನ್ನ ಮೊದಲ ಸಾಕ್ಷಿ. ಚಾವಿ ಆನ್ ಮಾಡು, ಸೆಲ್ಫ್ ಹೊಡೆಯಬೇಡ, ಸುಮ್ಮನೆ ನೋಡು. ಹತ್ತಿ ಕ್ಷಣದಲ್ಲಿ ಆರಿದರೆ ಚಾವಿಯ ಗುರುತು ಸಿಕ್ಕಿದೆ ಅಂತ ಅರ್ಥ. ತಪ್ಪು ಬೇರೆ ಕಡೆ ಇದೆ. ಹತ್ತಿಯೇ ಉಳಿದರೆ ಮಾತ್ರ ಇಮ್ಮೊಬಿಲೈಸರ್ ಮೇಲೆ ಅನುಮಾನ ಪಡು. ಇನ್ನು ಸೆಲ್ಫೇ ತಿರುಗದೆ ಟಕ್ ಅಂತ ಸದ್ದು ಮಾಡಿ ನಿಂತರೆ ಬ್ಯಾಟರಿ ಕಡೆ ಹೋಗು. ಈ ಗಾಡಿಯ ಇಮ್ಮೊಬಿಲೈಸರ್ ಸೆಲ್ಫ್ ತಿರುಗುವುದನ್ನು ತಡೆಯುವುದಿಲ್ಲ, ಇಂಜಿನ್ ಹಿಡಿಯುವುದನ್ನು ತಡೆಯುತ್ತದೆ. ಇಷ್ಟು ನೋಡದೆ ವೈರಿಗೆ ಕೈ ಹಾಕಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ.

ನಮ್ಮ ಕಲಬುರಗಿ ಸೀಮೆಯ ಗುಣವನ್ನೂ ಮರೀಬೇಡ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಕಾವಿಗೆ ಬ್ಯಾಟರಿಯ ಆಯುಸ್ಸು ಕಡಿಮೆಯಾಗುತ್ತದೆ. ವಾಡಿಯಲ್ಲಿ, ಸೇಡಂನಲ್ಲಿ ಸಿಮೆಂಟ್ ಧೂಳು, ಶಹಾಬಾದಿನಲ್ಲಿ ಪರ್ಸಿ ಕಲ್ಲಿನ ಪುಡಿ. ಸಿಮೆಂಟ್ ಧೂಳಿಗೆ ಮಳೆಗಾಲದ ತೇವ ತಾಗಿದರೆ ಗಟ್ಟಿ ಪದರವಾಗಿ ಕೂರುತ್ತದೆ. ಬ್ಯಾಟರಿ ಟರ್ಮಿನಲ್ಲು, ಇಂಜಿನ್ನಿನ ಅರ್ಥಿಂಗ್ ಪಟ್ಟಿ ಎರಡನ್ನೂ ಬಿಚ್ಚಿ, ಉಜ್ಜಿ, ಬಿಗಿ ಮಾಡು. ಮಲ್ಟಿಮೀಟರ್ ಹಿಡಿ: ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ, 12.2 ಇದ್ದರೆ ಅರ್ಧ. ಆಮೇಲೆ ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಗೆಳೆಯನಿಗೆ ಸೆಲ್ಫ್ ಹೊಡಿ ಅನ್ನು. ಮೀಟರ್ ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಕೆಟ್ಟಿದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಪಾತಾಳಕ್ಕಿಳಿದರೆ ಕಂಪ್ಯೂಟರೇ ತಬ್ಬಿಬ್ಬಾಗುತ್ತದೆ; ನೀನು ಪಾಪದ ಇಮ್ಮೊಬಿಲೈಸರನ್ನು ಬೈಯುತ್ತೀಯ.

ಇನ್ನೊಂದು ಮಾತು. ಈ ಗಾಡಿಗೆ ಅಪಘಾತವಾದರೆ ಪೆಟ್ರೋಲ್ ನಿಲ್ಲಿಸುವ ಒಂದು ಸ್ವಿಚ್ ಇದೆ. ತಗ್ಗಿನಲ್ಲಿ ಜೋರಾಗಿ ಧಡಕ್ಕೆಂದರೂ ಒಮ್ಮೊಮ್ಮೆ ಅದು ಬೀಳುತ್ತದೆ. ಸೆಲ್ಫ್ ತಿರುಗುತ್ತದೆ, ಕೋಡ್ ದೀಪ ಆರುತ್ತದೆ, ಆದರೂ ಇಂಜಿನ್ ಹಿಡಿಯದು. ಆಗ ಪೆಟ್ರೋಲ್ ವಾಸನೆ ಇದೆಯೋ, ಕೆಳಗೆ ಸೋರಿದೆಯೋ ನೋಡು. ಇಲ್ಲ ಅಂತ ಖಾತ್ರಿಯಾದ ಮೇಲೆ ಗಾಡಿಯ ಪುಸ್ತಕದಲ್ಲಿ ಹೇಳಿದ ಜಾಗದಲ್ಲಿ ಆ ಗುಂಡಿ ಒತ್ತು.

ದೀಪ ಆರಲೇ ಇಲ್ಲವೋ? ಚಾವಿ ಆಫ್ ಮಾಡಿ ಮತ್ತೆ ಆನ್ ಮಾಡು. ಗೊಂಚಲಿನಲ್ಲಿ ಬೇರೆ ಗಾಡಿಯ ಚಿಪ್ ಚಾವಿ ಇದ್ದರೆ ತೆಗೆ. ಎರಡು ಚಿಪ್ ಒಟ್ಟಿಗಿದ್ದರೆ ಕಾಯಿಲಿಗೆ ಗೊಂದಲ. ಎರಡನೇ ಚಾವಿ ಹಾಕಿ ನೋಡು. ಅದರಿಂದ ಸ್ಟಾರ್ಟ್ ಆದರೆ ಕೆಟ್ಟಿದ್ದು ಮೊದಲ ಚಾವಿ. ಎರಡರಿಂದಲೂ ಆಗದಿದ್ದರೆ ಕಾಯಿಲಿನ ಕಪ್ಲರ್, ವೈರು, ಫ್ಯೂಸ್ ನೋಡು. ಹಿಂದಿನ ಮಾಲೀಕ ಹೊರಗಿನ ಸೈರನ್ನು, ಸೆಂಟ್ರಲ್ ಲಾಕು ಹಾಕಿಸಿ ಟೇಪ್ ಸುತ್ತಿ ಬಿಟ್ಟ ಜಾಯಿಂಟುಗಳಿದ್ದರೆ ಒಂದೊಂದನ್ನೂ ಬಿಚ್ಚಿ ನೋಡು. ಎಷ್ಟೋ ಹಳೇ ಗಾಡಿಗಳ ರೋಗ ಅಲ್ಲೇ ಅಡಗಿರುತ್ತದೆ.

ಹಳೇ ಫಿಯೆಟ್ ಗಾಡಿಗಳ ಜೊತೆ ಒಂದು ಕೋಡ್ ಕಾರ್ಡ್ ಬರುತ್ತಿತ್ತು. ಅದರಲ್ಲಿನ ಐದು ಅಂಕಿಗಳನ್ನು ಆಕ್ಸಿಲರೇಟರ್ ತುಳಿದು, ದೀಪ ಮಿನುಗುವುದನ್ನು ಎಣಿಸಿ ಕೊಟ್ಟರೆ ಆ ಹೊತ್ತಿಗೆ ಇಂಜಿನ್ ಬಿಡುಗಡೆಯಾಗುತ್ತದೆ. ಕ್ರಮ ಪುಸ್ತಕದಲ್ಲಿದೆ. ಚಿಂಚೋಳಿ ಕಾಡಿನ ಹಾದಿಯಲ್ಲಿ ರಾತ್ರಿ ಸಿಕ್ಕಿಕೊಂಡಾಗ ಆ ಐದು ಅಂಕಿಯೇ ದಿಕ್ಕು. ಅದಕ್ಕೇ ಹಳೇ ಗಾಡಿ ಕೊಳ್ಳುವಾಗ ಬಣ್ಣ ನೋಡುವ ಮೊದಲು ಎರಡೂ ಚಾವಿ, ಆ ಕಾರ್ಡು, ಆರ್‌ಸಿ ಕೇಳಬೇಕು.

ಬೈಪಾಸಿನ ಆಸೆ ಬಿಡು. ಬೈಪಾಸ್ ಮಾಡಿದ ಗಾಡಿ ನಿನಗೆ ಸುಲಭ, ಕಳ್ಳನಿಗೆ ಇನ್ನೂ ಸುಲಭ. ಗಾಡಿ ಕಳುವಾದರೆ ವಿಮೆಯವರು ಎರಡೂ ಅಸಲಿ ಚಾವಿ ಕೇಳುತ್ತಾರೆ, ಆಗ ಬಾಯಿ ಬಿಡಬೇಕಾಗುತ್ತದೆ. ಇಷ್ಟೆಲ್ಲ ನೋಡಿಯೂ ತಿಳಿಯದಿದ್ದರೆ ಸ್ಕ್ಯಾನರ್ ಇರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕಲಬುರಗಿಗೋ ಹೈದರಾಬಾದಿಗೋ ಟೋ ಮಾಡಿಸಿಕೊಂಡು ಹೋಗು. ಅದರಲ್ಲಿ ಅವಮಾನ ಏನೂ ಇಲ್ಲ. ನೀನು ಅಳೆದು ಬರೆದಿಟ್ಟುಕೊಂಡ ಅಂಕಿಗಳನ್ನು ಅವನ ಮುಂದಿಡು, ಅವನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ವೇಗದ ಗಾಡಿ ಓಡಿಸುವವನಿಗೆ ನಿಧಾನದ ಕೈ ಬೇಕು ತಮ್ಮಾ. ಮೊದಲು ನೋಡು, ಆಮೇಲೆ ಅಳೆ, ಕಡೆಗೆ ಕೈ ಹಚ್ಚು.