ಫೀ ಮತ್ತು ಫ್ರೀ



ಈ ಎರಡು ಶಬ್ದಗಳನ್ನು ಗಟ್ಟಿಯಾಗಿ ಓದಿರಿ.

ಫೀ. ಫ್ರೀ.

ಎರಡನೆಯ ಶಬ್ದಕ್ಕೆ ರ ಒತ್ತು ಇದೆ. ಅಷ್ಟೇ ಫರಕು. ಆದರೆ ‘ಪ್ರವೇಶ ಫೀ’ ಅಂದರೆ ರೊಕ್ಕ ಕೊಟ್ಟು ಒಳಗೆ ಹೋಗಬೇಕು. ‘ಪ್ರವೇಶ ಫ್ರೀ’ ಅಂದರೆ ರೊಕ್ಕ ಬೇಡ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದಲ್ಲಿ ಬೋರ್ಡುಗಳು ಹೆಚ್ಚಾಗಿ ಮರಾಠಿಯಲ್ಲಿ ಇರುತ್ತವೆ. ಅಲ್ಲಿಯೂ ಹೀಗೇ. ಫ ಅಕ್ಷರಕ್ಕೆ ಒಂದು ಸಣ್ಣ ಓರೆ ಗೀಟು ಕೂಡಿದರೆ ಫೀ ಹೋಗಿ ಫ್ರೀ ಆಗುತ್ತದೆ. ಆ ಗೀಟು ಇದೆಯೋ ಇಲ್ಲವೋ ನೋಡಿ, ಆಮೇಲೆ ಒಳಗೆ ಕಾಲಿಡಿರಿ.

ಫ್ರೀ ಇಂಗ್ಲಿಷ್ ಶಬ್ದ. ಆದರ ಈಗ ನಮ್ಮ ಮನೀದ ಆಗಿಬಿಟ್ಟದ. ಪಾಳಿ ಮುಗಿಸಿ ಬಂದ ಮಗ್ಗದ ಅಣ್ಣ ‘ಈಗ ಫ್ರೀ ಆದೆ ನೋಡ್ರಿ’ ಅಂತಾನ. ಅಂದರೆ ಅವನಿಗೆ ಬಿಡುವು ಸಿಕ್ಕಿತು. ಎಲ್ಲರ ಜೊತೆ ಸಂಕೋಚ ಇಲ್ಲದೆ ಮಾತಾಡುವವರಿಗೆ ‘ಬಾಳ ಫ್ರೀ ಮನಷ್ಯಾ’ ಅಂತೀವಿ. ಸೈಕಲ್ಲಿನ ಹಿಂದಿನ ಗಾಲಿಗೆ ಫ್ರೀವ್ಹೀಲ್ ಇರುತ್ತದೆ. ನೀವು ಪೆಡಲ್ ತುಳಿಯುವುದು ಬಿಟ್ಟರೂ ಗಾಲಿ ತನ್ನ ಪಾಡಿಗೆ ತಾನು ತಿರುಗುತ್ತದೆ. ಬಟ್ಟೆ ಅಂಗಡಿಯಲ್ಲಿ ‘ಫ್ರೀ ಸೈಜ್’ ಅಂತ ಚೀಟಿ ಹಚ್ಚಿರುತ್ತಾರೆ. ಅದು ಪುಕ್ಕಟೆ ಅಲ್ಲ. ದಪ್ಪಗಿನವರಿಗೂ ತೆಳ್ಳಗಿನವರಿಗೂ ಅದೇ ಒಂದು ಅಳತೆ ಆಗುತ್ತದೆ ಅಂತ ಅರ್ಥ. (ಆಗುವುದಿಲ್ಲ, ಆ ಮಾತು ಬೇರೆ.)

ಇಚಲಕರಂಜಿಯ ನಮ್ಮ ಓದುವ ವರ್ಗದಲ್ಲಿ ಒಬ್ಬ ಅಕ್ಕ ಇದ್ದರು. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದರು. ಒಂದು ದಿನ ಅಂಗಡಿಯಲ್ಲಿ ಬಿಸ್ಕಿಟ್ ಪುಡಿಕೆ ತೆಗೆದುಕೊಂಡು ಅದರ ಮೇಲೆ ಬರೆದದ್ದನ್ನು ತಾವೇ ಓದಿದರು. ಶು-ಗ-ರ್ ಫ್ರೀ. ರೊಕ್ಕ ಕೊಟ್ಟರು. ಆಮೇಲೆ, ‘ಸಕ್ಕರಿ ಎಲ್ಲಿ? ಸಕ್ಕರಿ ಫ್ರೀ ಅಂತ ಬರದೈತಲ್ಲ, ಕೊಡ್ರಿ’ ಅಂದರು. ಅಂಗಡಿಯವ ನಕ್ಕ. ನಿಂತಿದ್ದ ನಾಲ್ಕು ಮಂದಿಯೂ ನಕ್ಕರು. ಆ ಅಕ್ಕ ಎರಡು ದಿನ ವರ್ಗಕ್ಕೆ ಬರಲಿಲ್ಲ.

ಅವರು ಓದಿದ್ದರಲ್ಲಿ ತಪ್ಪು ಏನಿತ್ತು? ನನಗಂತೂ ಏನೂ ಕಾಣಲಿಲ್ಲ. ಹಲ್ಲಿನ ಪೇಸ್ಟಿನ ಡಬ್ಬಿಯ ಮೇಲೆ ‘ಬ್ರಶ್ ಫ್ರೀ’ ಅಂತ ಇದ್ದರೆ ಒಳಗೆ ಬ್ರಶ್ ಇರುತ್ತದೆ. ಅದೇ ಲೆಕ್ಕದಲ್ಲಿ ‘ಶುಗರ್ ಫ್ರೀ’ ಅಂದರೆ ಸಕ್ಕರೆ ಇರಬೇಕಲ್ಲ! ಆದರೆ ಇಂಗ್ಲಿಷಿನಲ್ಲಿ ಹಾಗಿಲ್ಲ. ಬ್ರಶ್ ಫ್ರೀ ಅಂದರೆ ಬ್ರಶ್ ಉಂಟು. ಶುಗರ್ ಫ್ರೀ ಅಂದರೆ ಸಕ್ಕರೆ ಇಲ್ಲ. ಶಬ್ದ ಒಂದೇ, ಅದು ಕೂತ ಜಾಗ ಒಂದೇ, ಅರ್ಥ ಮಾತ್ರ ತಿರುವು ಮುರುವು.

ಇದಕ್ಕೆ ಒಂದು ಉಪಾಯ ಇದೆ. ಫ್ರೀ ತೆಗೆದು ಆ ಜಾಗದಲ್ಲಿ ‘ಪುಕ್ಕಟೆ’ ಹಾಕಿ ಓದಿರಿ. ಆಮೇಲೆ ‘ಇಲ್ಲದ’ ಹಾಕಿ ಓದಿರಿ. ಯಾವುದು ಸರಿ ಹೊಂದುತ್ತದೆ ನೋಡಿರಿ. ಬ್ರಶ್ ಪುಕ್ಕಟೆ. ಸಕ್ಕರೆ ಇಲ್ಲದ ಬಿಸ್ಕಿಟ್.

ಇನ್ನೊಂದು ಮಾತು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ, ಶುಗರ್ ಫ್ರೀ ಅಂತ ಪುಡಿಕೆಗಟ್ಟಲೆ ತಿನ್ನಲು ಬಿಡಬೇಡಿ. ಅದರಲ್ಲಿ ಸಕ್ಕರೆ ಇಲ್ಲದಿದ್ದರೂ ಮೈದಾ ಅಥವಾ ಗೋಧಿ ಹಿಟ್ಟು ಇರುತ್ತದೆ. ಹಿಟ್ಟು ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆ. ಎಷ್ಟು ತಿನ್ನಬೇಕು ಅಂತ ಡಾಕ್ಟರರನ್ನು ಕೇಳಿರಿ.

ಕೊಲ್ಹಾಪುರದವರಿಗೆ ‘ಟೋಲ್ ಫ್ರೀ’ ಶಬ್ದ ಚೆನ್ನಾಗಿ ಗೊತ್ತು. ಊರ ರಸ್ತೆಗಳಿಗೆ ಟೋಲ್ ಹಾಕಿದಾಗ ಜನ ವರ್ಷಗಟ್ಟಲೆ ಹೋರಾಡಿದರು. ಹಿರಿಯರಾದ ಎನ್. ಡಿ. ಪಾಟೀಲರು ಮುಂದೆ ನಿಂತರು. 2015ರ ಕೊನೆಗೆ ಸರಕಾರ ಟೋಲ್ ರದ್ದು ಅಂತ ಸಾರಿತು. ಊರು ಟೋಲ್‌ಮುಕ್ತ ಆಯಿತು. ರಸ್ತೆಯ ಖರ್ಚು ಸರಕಾರದ ಮೇಲೆ ಬಂತು. 1800 ಅಂತ ಶುರುವಾಗುವ ಫೋನ್ ನಂಬರಿಗೂ ‘ಟೋಲ್ ಫ್ರೀ’ ಅನ್ನುತ್ತಾರೆ. ಅಲ್ಲಿಯೂ ಖರ್ಚು ಇದೆ. ನೀವು ಮಾಡಿದ ಫೋನಿನ ಖರ್ಚನ್ನು ಆ ಕಡೆಯವರು ಕೊಡುತ್ತಾರೆ.

ಈಗ ಸಾಲೆಯ ವಿಷಯ. ಕೊಲ್ಹಾಪುರ ಸಂಸ್ಥಾನದ ಶಾಹೂ ಮಹಾರಾಜರು 1917ರಲ್ಲಿ ಒಂದು ಕಾಯದೆ ತಂದರು. ಪ್ರಾಥಮಿಕ ಶಿಕ್ಷಣ ಫ್ರೀ. ಆಗ ಗಡಹಿಂಗ್ಲಜ ಇದೇ ಸಂಸ್ಥಾನದಲ್ಲಿ ಇತ್ತು. ಫೀ ಕೊಡುವುದು ಬೇಡ. ಆದರೆ ಮಗುವನ್ನು ಸಾಲೆಗೆ ಕಳಿಸದ ತಂದೆ ತಾಯಿಗೆ ತಿಂಗಳಿಗೆ 1 ರೂಪಾಯಿ ದಂಡ! ಆ ಕಾಲದ 1 ರೂಪಾಯಿ ಸಣ್ಣ ಮೊತ್ತ ಅಲ್ಲ. ಕಲಿಸುವುದು ಫ್ರೀ, ಆದರ ‘ಕಳಸ್ತೀನಿ, ಇಲ್ಲಂದ್ರ ಇಲ್ಲ’ ಅನ್ನಾಕ ನೀವು ಫ್ರೀ ಅಲ್ಲ. ಇಲ್ಲಿ ಮೊದಲಿನ ಫ್ರೀ ಅಂದರೆ ಪುಕ್ಕಟೆ. ಎರಡನೆಯ ಫ್ರೀ ಅಂದರೆ ಸ್ವತಂತ್ರ. ಇಡೀ ದೇಶಕ್ಕೆ ಇಂಥ ಕಾಯದೆ ಆದದ್ದು 2009ರಲ್ಲಿ. ಅದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ ಮತ್ತು ಕಡ್ಡಾಯ.

‘ಉಚಿತ’ ಅಂತ ಬರೆದೆ. ಗಡಿಯಲ್ಲಿ ಇರುವ ನಮಗೆ ಈ ಶಬ್ದ ಇನ್ನೊಂದು ಪೇಚು. ಕನ್ನಡದಲ್ಲಿ ಉಚಿತ ಅಂದರೆ ಪುಕ್ಕಟೆ. ಮರಾಠಿಯಲ್ಲಿ, ಹಿಂದಿಯಲ್ಲಿ ಉಚಿತ ಅಂದರೆ ಯೋಗ್ಯ, ಸರಿಯಾದ. ಹಿಂದಿಯ ಬೋರ್ಡಿನ ಮೇಲೆ ‘ಉಚಿತ ಮೂಲ್ಯ’ದ ಅಂಗಡಿ ಅಂತ ಓದಿದರೆ ಅಲ್ಲಿ ಎಲ್ಲ ಪುಕ್ಕಟೆ ಅಂತ ತಿಳಿಯಬೇಡಿ. ಅದು ನ್ಯಾಯಬೆಲೆ ಅಂಗಡಿ. ಪುಕ್ಕಟೆ ಅನ್ನಲು ಮರಾಠಿಯವರು ‘ಮೋಫತ್’ ಅಂತ ಬರೆಯುತ್ತಾರೆ. ಹಾಗೆ ನೋಡಿದರೆ ರೇಶನ್ ಅಂಗಡಿಯಲ್ಲಿ ಕಾರ್ಡಿಗೆ ಹಕ್ಕಾಗಿ ಬರುವ ಕಾಳು 2023ರ ಜನವರಿಯಿಂದ ನಿಜವಾಗಿಯೂ ಪುಕ್ಕಟೆ ಆಗಿದೆ. ಆದ್ಯತೆಯ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕಿಲೋ. ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕಿಲೋ. ಆ ಕಾಳಿಗೆ ಯಾರಾದರೂ ರೊಕ್ಕ ಕೇಳಿದರೆ ‘ಯಾಕ್ರಿ?’ ಅಂತ ಕೇಳುವ ಹಕ್ಕು ನಿಮಗೆ ಇದೆ.

ಬಸ್ಸಿನ ಮಾತು ಹೇಳದಿದ್ದರೆ ಗಡಹಿಂಗ್ಲಜದ ಅಕ್ಕಂದಿರು ನನ್ನನ್ನು ಬಿಡುವುದಿಲ್ಲ. ಸಂಕೇಶ್ವರದ ಬೀಗರ ಮನೆಯ ಹೆಣ್ಣುಮಕ್ಕಳು ಕರ್ನಾಟಕದ ಬಸ್ಸಿನಲ್ಲಿ ಫ್ರೀ ಓಡಾಡುತ್ತಾರೆ, ನಮಗೇಕೆ ಇಲ್ಲ? ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಅದು ಕರ್ನಾಟಕದಲ್ಲಿ ವಾಸ ಇರುವ ಹೆಣ್ಣುಮಕ್ಕಳಿಗೆ. ಗುರುತಿನ ಚೀಟಿಯಲ್ಲಿ ಅಲ್ಲಿಯ ವಿಳಾಸ ಬೇಕು. ಫ್ರೀ ಇದ್ದರೂ ಅವರು ಶೂನ್ಯ ಟಿಕೆಟ್ ತೆಗೆಸಬೇಕು. ನಮ್ಮ ಎಸ್‌ಟಿಯಲ್ಲಿ ಹೆಣ್ಣುಮಕ್ಕಳಿಗೆ 2023ರ ಮಾರ್ಚ್‌ನಿಂದ ಅರ್ಧ ಟಿಕೆಟ್. 75 ವರ್ಷ ದಾಟಿದ ಹಿರಿಯರಿಗೆ 2022ರ ಆಗಸ್ಟ್‌ನಿಂದ ಪೂರ್ತಿ ಫ್ರೀ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಆಧಾರ್ ಕಾರ್ಡಿನ ಮೇಲೆ ಹುಟ್ಟಿದ ದಿನ ಸರಿ ಇದೆಯೇ ಇವತ್ತೇ ನೋಡಿರಿ. ಅದು ತಪ್ಪಿದ್ದರೆ ಕಂಡಕ್ಟರನ ಮುಂದೆ ವಾದ ಮಾಡಿ ಉಪಯೋಗ ಇಲ್ಲ.

ಆ ಇಚಲಕರಂಜಿಯ ಅಕ್ಕ ಮೂರನೆಯ ದಿನ ವರ್ಗಕ್ಕೆ ಬಂದರು. ಖಾಲಿ ಪುಡಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಆ ದಿನದ ಪಾಠ ಅದರ ಮೇಲೆಯೇ ಆಯಿತು.

ಓದಿರಿ, ಅರ್ಥ ಬರೆಯಿರಿ: ‘ನಾಳೆ ಸಂಜಿಗೆ ಫ್ರೀ ಅದೀರೇನು?’ ‘ಸೀರೆ ಕೊಂಡರೆ ರವಿಕೆ ಬಟ್ಟೆ ಫ್ರೀ.’ ‘ಪ್ಲಾಸ್ಟಿಕ್ ಫ್ರೀ ಊರು.’ ‘ಫ್ರೀ ಸೈಜ್ ನೈಟಿ.’ ನಿಮ್ಮ ಓಣಿಯಲ್ಲಿ ಫ್ರೀ ಅಂತ ಬರೆದ ಇನ್ನೊಂದು ಬೋರ್ಡು ಹುಡುಕಿ, ಇದ್ದದ್ದು ಇದ್ದ ಹಾಗೆ ಪಾಟಿಯ ಮೇಲೆ ಬರೆದುಕೊಂಡು ಬನ್ನಿರಿ.